ಸ್ಟವ್ವಿನ ಗುಂಡು

ಹಿತ್ತಾಳೆಯ ಪುಡಿ ಉಗುರಿನ ಸಂದಿಗೆ ಸೇರಿತೆಂದರೆ ಸೋಪಿಗೆ ಜಗ್ಗುವುದಿಲ್ಲ. ಇಪ್ಪತ್ತಾರು ವರ್ಷ ಅರ ಹಿಡಿದ ಕೈ ಅವನದು. ಊಟಕ್ಕೆ ಕೂತರೆ ತುತ್ತಿಗೂ ಹಿತ್ತಾಳೆಯ ವಾಸನೆ. ಬೆವರಿದರೆ ಅಂಗಿಯ ಕಂಕುಳು ಹಸಿರಾಗುತ್ತಿತ್ತು. ಬೀದಿಯವರು ಅವನನ್ನು ಹಿತ್ತಾಳೆ ಅಣ್ಣ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಅವನು ಬರೀ ಫಿಟ್ಟರ್.

ಕಾರ್ಖಾನೆಯಲ್ಲಿ ಮೂರು ಸಾಮಾನು ತಯಾರಾಗುತ್ತಿದ್ದವು. ಬಡವರ ಮನೆಗೆ ಸೀಮೆಎಣ್ಣೆಯ ಪಂಪ್ ಸ್ಟವ್. ಇದ್ದವರ ಮನೆಗೆ ನೀರು ಸೋಸುವ ಫಿಲ್ಟರ್. ಆಫೀಸುಗಳಿಗೆ ಒಂದು ಕಾಗದವನ್ನು ನೂರು ಮಾಡುವ ನಕಲು ಯಂತ್ರ. ಫಿಟ್ಟರನ ಕೆಲಸ ಸ್ಟವ್ವಿನ ವಿಭಾಗದಲ್ಲಿ.

ಅವನ ಹೆಂಡತಿ ಸತ್ತದ್ದು ಅದೇ ಸ್ಟವ್ವಿನಿಂದ. ಕೆಲಸದವರಿಗೆಂದು ಕಡಿಮೆ ಬೆಲೆಗೆ ಕೊಟ್ಟಿದ್ದ ಸ್ಟವ್. ಅದರ ನಳಿಗೆಗೆ ಅರ ಹಾಕಿದವನೂ ಅವನೇ. ನೆಲದ ಕಲ್ಲು ಅಲುಗಾಡುತ್ತಿತ್ತು, ಪಾತ್ರೆ ಭಾರವಾಗಿತ್ತು, ಸ್ಟವ್ ವಾಲಿತು. ವಾಲಿದ ಸ್ಟವ್ವಿನಿಂದ ಎಣ್ಣೆ ಚಿಮ್ಮಿದ ಮೇಲೆ ಏನಾಗುತ್ತದೆಂದು ಬಡವರ ಬೀದಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಬಟ್ಟೆ ತಾಗಿಸುವ ಹಾಗಿರಲಿಲ್ಲ. ಐದನೆಯ ದಿನ ಅವಳಿಗೆ ಮಾತು ಚೆನ್ನಾಗಿಯೇ ಬಂತು.

"ರೀ, ಅದು ವಾಲಿದ ಕೂಡಲೇ ತಾನೇ ಆರಿಹೋಗೋ ಹಾಗೆ ಮಾಡಕ್ಕಾಗಲ್ವಾ? ಇಷ್ಟು ವರ್ಷ ನನಗಿಂತ ಜಾಸ್ತಿ ಅದರ ಜೊತೆನೇ ಇದ್ರಲ್ಲ."

ಬೈದದ್ದೋ ಕೇಳಿದ್ದೋ ಅವನಿಗೆ ತಿಳಿಯಲಿಲ್ಲ. ಉತ್ತರ ಕೊಡುವಷ್ಟರಲ್ಲಿ ಅವಳು ಹೋಗಿಬಿಟ್ಟಳು.

ಆಮೇಲೆ ಹತ್ತು ತಿಂಗಳು ಅವನು ಕೆಲಸ ಮುಗಿದ ಮೇಲೂ ಮನೆಗೆ ಹೋಗದೆ ಲೇತಿನ ಮುಂದೆ ನಿಂತ. ಮನೆಯಲ್ಲಿ ಕಾಯುವವರಾದರೂ ಯಾರಿದ್ದರು? ಅರ್ಧ ಬೆರಳಿನಷ್ಟು ಉದ್ದದ ಕೊಳವೆ, ಅದರೊಳಗೆ ಕಡಲೆ ಕಾಳಿನಷ್ಟು ಹಿತ್ತಾಳೆ ಗುಂಡು. ಸ್ಟವ್ ನೆಟ್ಟಗಿದ್ದರೆ ಗುಂಡು ತನ್ನ ಗುಳಿಯಲ್ಲಿ ಕೂತಿರುತ್ತದೆ, ಎಣ್ಣೆ ಪಕ್ಕದಿಂದ ಹೋಗುತ್ತದೆ. ಸ್ಟವ್ ವಾಲಿತೋ, ಗುಂಡು ಉರುಳಿ ಎಣ್ಣೆಯ ದಾರಿಗೆ ಅಡ್ಡ ಕೂರುತ್ತದೆ. ಹೇಳುವುದಕ್ಕೆ ಎರಡು ಮಾತು. ಗುಳಿ ಒಂದು ಕೂದಲು ಆಳವಾದರೆ ಗುಂಡು ಏಳುವುದಿಲ್ಲ, ಒಂದು ಕೂದಲು ತೇಲಿದರೆ ಪಂಪು ಹೊಡೆದಾಗಲೇ ಎದ್ದುಬಿಡುತ್ತದೆ. ನಲವತ್ಮೂರು ಕೊಳವೆ ಕೆಟ್ಟವು. ನಲವತ್ನಾಲ್ಕನೆಯದು ನಿಂತಿತು.

ಇಲ್ಲೊಂದು ಮಾತು ಹೇಳಬೇಕು. ಹಿತ್ತಾಳೆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಸೋಮವಾರ ಉಗ್ರಾಣದಿಂದ ಹಿತ್ತಾಳೆ ತೂಗಿ ಕೊಡುತ್ತಾರೆ. ಶನಿವಾರ ಕೆಲಸಗಾರ ತಯಾರಾದ ಸಾಮಾನು, ಕೆಟ್ಟ ತುಂಡು, ಲೇತಿನ ಕೆಳಗಿನ ಪುಡಿ, ಎಲ್ಲ ಸೇರಿಸಿ ಅಷ್ಟೇ ತೂಕ ಹಿಂದಕ್ಕೆ ಕೊಡಬೇಕು. ಉಳಿದವರು ಅಷ್ಟಿಷ್ಟು ಜೇಬಿಗಿಳಿಸುತ್ತಿದ್ದರು. ಪುಡಿ ಗಾಳಿಗೆ ಹೋಯಿತು ಎನ್ನುತ್ತಿದ್ದರು. ಫಿಟ್ಟರನ ತಕ್ಕಡಿ ಮಾತ್ರ ಇಪ್ಪತ್ತಾರು ವರ್ಷದಲ್ಲಿ ಒಂದು ಗುಲಗಂಜಿ ವಾಲಿರಲಿಲ್ಲ. ಅದೊಂದೇ ಅವನ ಜಂಬ. ಪೊರಕೆ ಹಿಡಿದು ನೆಲ ಗುಡಿಸಿ ಪುಡಿ ತುಂಬಿಕೊಡುತ್ತಿದ್ದ. ನಲವತ್ಮೂರು ಕೆಟ್ಟ ಕೊಳವೆಗಳನ್ನೂ ಹಾಗೆಯೇ ತೂಗಿ ಕೊಟ್ಟ. ಅವು ಕರಗಿ ಹೋದವು. ನಕ್ಷೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯುತ್ತಿದ್ದ. ಅದೂ ಪೊರಕೆಗೆ ಹೋಯಿತು.

ನಲವತ್ನಾಲ್ಕನೆಯದನ್ನು ಸ್ಟವ್ವಿಗೆ ಹಾಕಿ ಮಾಲೀಕನ ಮುಂದೆ ಮೂರು ಸಲ ಒದ್ದು ಬೀಳಿಸಿದ. ಮೂರು ಸಲವೂ ಉರಿ ಪಟ್ಟನೆ ಆರಿತು. ಮಾಲೀಕ ಬೆನ್ನು ತಟ್ಟಿ ತನ್ನ ಅಳಿಯನನ್ನು ಕರೆಸಿದ. ಎಂಜಿನಿಯರ್ ಓದಿದ ಅಳಿಯ. ಸ್ಟೂಲು ಎಳೆದುಕೊಂಡು ಫಿಟ್ಟರನ ಪಕ್ಕದಲ್ಲೇ ಹನ್ನೊಂದು ದಿನ ಕೂತ. ಅಣ್ಣಾ ಎಂದು ಕರೆದ, ತನ್ನ ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟ. ನೀವು ಹೇಳ್ತಾ ಹೋಗಿ, ನಾನು ಬರೀತಾ ಹೋಗ್ತೀನಿ ಎಂದ. ಓದಿದವನು ತನ್ನ ಮಾತು ಬರೆದುಕೊಳ್ಳುತ್ತಾನೆಂದರೆ ಯಾರಿಗೆ ಹಿಗ್ಗಾಗುವುದಿಲ್ಲ? ಫಿಟ್ಟರ್ ಕೇಳದ್ದನ್ನೂ ಹೇಳಿದ. ಗಟ್ಟಿ ಗುಂಡಿನ ಬದಲು ಟೊಳ್ಳು ಗುಂಡು ಹಾಕಿದರೆ ನೀರಿನ ಫಿಲ್ಟರ್ ತುಂಬಿದಾಗ ಗುಂಡು ತೇಲಿ ದಾರಿ ಮುಚ್ಚುತ್ತದೆ, ನೀರು ಚೆಲ್ಲುವುದಿಲ್ಲ ಎಂದ. ನಕಲು ಯಂತ್ರದ ಉರುಳೆ ನಿಂತಾಗ ಗುಂಡು ಮಸಿಯನ್ನು ತಡೆಯುತ್ತದೆ, ಕಾಗದ ಕೊಳೆಯಾಗುವುದಿಲ್ಲ ಎಂದ. ಕೊನೆಗೆ ಆ ನಲವತ್ನಾಲ್ಕನೆಯ ಕೊಳವೆಯನ್ನೂ ಅಳಿಯನ ಕೈಗೇ ಕೊಟ್ಟ. ಕಾರ್ಖಾನೆಯ ಹಿತ್ತಾಳೆ, ಮನೆಗೆ ಒಯ್ಯುವುದು ತಪ್ಪಲ್ಲವೇ?

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಯಾವಾಗ ನುಗ್ಗಿತೆಂದು ಗೆದ್ದಲಿಗೆ ಗೊತ್ತಾಗುವುದಿಲ್ಲ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಾರ್ಖಾನೆಯಲ್ಲಿ ಎಲ್ಲರಿಗೂ ಮಿಠಾಯಿ ಹಂಚಿದರು. ಗೇಟಿನ ಹಲಗೆಗೆ ಪೇಪರಿನ ತುಂಡು ಅಂಟಿಸಿದ್ದರು. ಅಳಿಯನ ಫೋಟೋ. ಕೆಳಗೆ, ಇಂಧನ, ನೀರು, ಕಚೇರಿ ಯಂತ್ರ, ಮೂರರಲ್ಲೂ ಪೇಟೆಂಟ್ ಪಡೆದ ಯುವ ಸಂಶೋಧಕ. ಪೇಟೆಂಟ್ ಎಂದರೆ ಏನೆಂದು ಫಿಟ್ಟರ್ ಉಗ್ರಾಣದವನನ್ನು ಕೇಳಿದ. ಇನ್ನು ಮೇಲೆ ಆ ಗುಂಡನ್ನ ಅವರು ಬಿಟ್ಟು ಬೇರೆ ಯಾರೂ ಮಾಡೋ ಹಾಗಿಲ್ಲ, ನೀನೂನೂವೆ, ಎಂದು ಅವನು ಬಾಯಲ್ಲಿ ಮಿಠಾಯಿ ಇಟ್ಟುಕೊಂಡೇ ಹೇಳಿದ.

ಫಿಟ್ಟರ್ ಮಿಠಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಅಳಿಯನ ಕೋಣೆಗೆ ಹೋದ.

"ಅಣ್ಣಾ, ಪೇಟೆಂಟ್ ಆಫೀಸಿನ ಕಾಗದಕ್ಕೆ ಓದಿದವರ ಹೆಸರು ಬೇಕು," ಎಂದ ಅಳಿಯ. "ನಿಮ್ಮ ಹೆಸರು ನಮ್ಮ ಹೃದಯದಲ್ಲಿದೆ."

"ಹೃದಯದಲ್ಲಿ ಬರೆದದ್ದನ್ನ ಯಾರು ಓದ್ತಾರೆ ಸ್ವಾಮಿ?"

ಅಳಿಯ ನಕ್ಕ. ಒಳ್ಳೆಯ ಮಾತು ಎಂದ. ಫಿಟ್ಟರ್ ವಾಪಸ್ಸು ಬಂದ. ಹೆಸರು ಹೋದರೆ ಹೋಗಲಿ, ಅವಳು ಕೇಳಿದ್ದು ಸ್ಟವ್ವಿಗೆ ಬಂದರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡ.

ಸ್ಟವ್ವಿಗೆ ಬರಲಿಲ್ಲ. ಫಿಲ್ಟರಿಗೆ ಬಂತು. ನಕಲು ಯಂತ್ರಕ್ಕೆ ಬಂತು. ಸ್ಟವ್ವುಗಳು ಮಾತ್ರ ಹಳೆಯ ಹಾಗೆಯೇ ಸಾಲುಗಟ್ಟಿ ಡಬ್ಬಿಗೆ ಇಳಿಯುತ್ತಿದ್ದವು. ಮೂರು ತಿಂಗಳು ಕಾದು ಕೇಳಿದ. ಸ್ಟವ್ ಕೊಳ್ಳೋರು ಬೆಲೆ ನೋಡ್ತಾರೆ, ಗುಂಡು ನೋಡಲ್ಲ. ಹಾಕಿದರೆ ನಾವು ಮಾರುಕಟ್ಟೆ ಕಳೆದುಕೊಳ್ತೀವಿ, ಎಂದ ಅಳಿಯ. ಹಾಗಾದರೆ ಅದಕ್ಕೆ ಪೇಟೆಂಟ್ ಯಾಕೆ ತಗೊಂಡಿರಿ ಎಂದರೆ, ಬೇರೆ ಕಂಪನಿ ಹಾಕಬಾರದಲ್ಲ ಎಂದ.

ಕೇಳಿಸಿಕೊಂಡಿರಾ? ಆಫೀಸಿನ ಕಾಗದದ ಮೇಲೆ ಮಸಿ ಚೆಲ್ಲಬಾರದು. ಹೆಂಗಸಿನ ಮೈಮೇಲೆ ಬೆಂಕಿ ಚೆಲ್ಲಬಹುದು. ಇದಕ್ಕೆ ಸರ್ಕಾರದ ಮೊಹರು ಬೇರೆ.

ಅವತ್ತೇ ಫಿಟ್ಟರ್ ಕೆಲಸ ಬಿಟ್ಟ. ಗುಜರಿ ಅಂಗಡಿಯಿಂದ ಹಳೆಯ ಹಿತ್ತಾಳೆ ನಲ್ಲಿಗಳನ್ನು ತಂದು, ಕಾಲಿನಿಂದ ತುಳಿದು ತಿರುಗಿಸುವ ಒಂದು ಹಳೆಯ ಲೇತನ್ನು ಮನೆಯೊಳಗೆ ಇಟ್ಟುಕೊಂಡು, ಬೀದಿಯವರ ಸ್ಟವ್ವಿಗೆ ಗುಂಡು ಹಾಕತೊಡಗಿದ. ಮೊದಲ ಗಿರಾಕಿ ಎದುರುಮನೆಯ ಇಸ್ತ್ರಿ ಅಕ್ಕ. ಬಾಯಿ ಜೋರು, ಇಸ್ತ್ರಿಪೆಟ್ಟಿಗೆಯಷ್ಟೇ ಬಿಸಿ. ಸ್ಟವ್ವನ್ನು ತಿರುಗಿಸಿ ನೋಡಿ, ಏನಣ್ಣ ಇದಕ್ಕೆ ಮೂಗುತಿ ಚುಚ್ಚಿಬಿಟ್ಟೆ, ಇನ್ನೊಂದು ಮದುವೆ ಮಾಡಿ ಕಳಿಸ್ತೀಯಾ ಎಂದು ಬೀದಿಯನ್ನೆಲ್ಲ ನಗಿಸಿದಳು. ವಾರ ಕಳೆಯುವುದರೊಳಗೆ ಅವಳೇ ಓಡಿ ಬಂದು ಬಾಗಿಲಲ್ಲಿ ಕುಸಿದು ಕೂತಳು.

"ಬೆಕ್ಕು ಬೀಳಿಸ್ತು ಅಣ್ಣ. ಸೊಸೆ ಪಕ್ಕದಲ್ಲೇ ಕೂತಿದ್ದಳು. ಪಟ್ ಅಂತ ಆರಿಹೋಯ್ತು. ಬೆಕ್ಕಿಗೆ ಹೊಡೆಯೋದೋ ನಿನ್ನ ಕಾಲಿಗೆ ಬೀಳೋದೋ ಗೊತ್ತಾಗ್ಲಿಲ್ಲ."

ಫಿಟ್ಟರ್ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಹೆಂಡತಿ ಹೋದ ಮೇಲೆ ಅವನು ಅತ್ತದ್ದು ಅವತ್ತೇ.

ಒಂದಾಯಿತು, ಹತ್ತಾಯಿತು, ಮೂವತ್ತೊಂದು ಮನೆಗಾಯಿತು. ಪಕ್ಕದ ಬೀದಿಯವರು ಸ್ಟವ್ ಹಿಡಿದು ಬರತೊಡಗಿದರು. ಆಗಲೇ ಕಂಪನಿಯ ವಕೀಲರ ನೋಟೀಸು ಬಂತು. ಅದರ ಹಿಂದೆಯೇ ಸರ್ಕಾರಿ ಆಫೀಸಿನಲ್ಲಿ ವಿಚಾರಣೆ.

ವಿಚಾರಣೆಯ ಅಧಿಕಾರಿ ಸಭ್ಯ ಮನುಷ್ಯ. ಕುರ್ಚಿ ಕೊಟ್ಟ, ನೀರು ಕುಡಿಸಿದ. ಇದನ್ನು ಮೊದಲು ಮಾಡಿದ್ದು ನೀವೇ ಅನ್ನುತ್ತೀರಿ, ತೋರಿಸಲು ಏನಿದೆ ಎಂದು ಕೇಳಿದ. ಒಂದು ನಕ್ಷೆ? ನೆಲದ ಮೇಲೆ ಬರೆದಿದ್ದೆ ಸ್ವಾಮಿ. ಒಂದು ಮಾದರಿ? ತೂಗಿ ಕೊಟ್ಟೆ ಸ್ವಾಮಿ. ನಲವತ್ಮೂರರಲ್ಲಿ ಒಂದೂ ಇಟ್ಟುಕೊಳ್ಳಲಿಲ್ಲವೇ? ಇಟ್ಟುಕೊಂಡರೆ ಕಳ್ಳತನ ಆಗುತ್ತಿತ್ತಲ್ಲ ಸ್ವಾಮಿ. ಉಗ್ರಾಣದವನನ್ನು ಕರೆದರು. ಅವನು ಫಿಟ್ಟರನ ಕಡೆ ನೋಡದೆ, ಗುಜರಿ ಅಂದರೆ ಗುಜರಿ, ನಾನು ತೂಗ್ತೀನಿ, ಏನಿದೆ ಅಂತ ನೋಡಲ್ಲ ಎಂದ. ಅಳಿಯನ ವಕೀಲರು ಹನ್ನೊಂದು ದಿನದ ನಕ್ಷೆಗಳನ್ನು ತಾರೀಖು ಸಮೇತ ಮೇಜಿನ ಮೇಲೆ ಹರಡಿದರು. ಎಂಥ ಚೆಂದದ ಗೆರೆಗಳು. ಪ್ರತಿ ಗೆರೆಯೂ ತನ್ನ ಬಾಯಿಂದ ಬಿದ್ದದ್ದೆಂದು ಫಿಟ್ಟರನಿಗೆ ಗೊತ್ತಿತ್ತು. ಕಳ್ಳರು ಒಂದು ತುಂಡಾದರೂ ಮನೆಗೆ ಒಯ್ದಿರುತ್ತಿದ್ದರು. ನಿಯತ್ತಿನವನ ಕೈಯಲ್ಲಿ ಏನೂ ಇರಲಿಲ್ಲ.

ಈಗ ಎಷ್ಟು ಮಾಡಿದ್ದೀರಿ ಎಂದು ಅಧಿಕಾರಿ ಕೇಳಿದ. ಗೊತ್ತಿಲ್ಲ ಎನ್ನಬಹುದಿತ್ತು. ಇವನು ಎದೆಯುಬ್ಬಿಸಿ ಮೂವತ್ತೊಂದು ಎಂದ. ಗುಮಾಸ್ತ ಬರೆದುಕೊಂಡ.

ಮೂವತ್ತೊಂದನ್ನೂ ಕಂಪನಿಗೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ನಾವೇ ಬಂದರೆ ಸ್ಟವ್ವುಗಳನ್ನೇ ಎತ್ತಿಕೊಂಡು ಹೋಗ್ತೀವಿ, ಅಣ್ಣ ಬಿಚ್ಚಿಕೊಟ್ಟರೆ ಸ್ಟವ್ ಉಳಿಯುತ್ತೆ ಎಂದು ಅಳಿಯ ಹೊರಗೆ ಮೆಲ್ಲಗೆ ಹೇಳಿದ. ಆಗಲೂ ಅಣ್ಣ ಎಂದೇ ಕರೆದ.

ಭಾನುವಾರ ಬೆಳಿಗ್ಗೆ ಫಿಟ್ಟರ್ ಸ್ಪ್ಯಾನರ್ ಹಿಡಿದು ಮನೆಮನೆ ಹತ್ತಿದ. ಹಿಂದೆ ಕಂಪನಿಯ ಆಳು, ಕೈಯಲ್ಲಿ ಚೀಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದೊಂದು ಗುಂಡು ಬಿಚ್ಚಿದಾಗಲೂ ಆ ಜಾಗಕ್ಕೆ ಬರೀ ಕೊಳವೆ ಕೂರಿಸಿ, ಸೋರುತ್ತದೆಯೇ ಎಂದು ಬೆರಳಿಟ್ಟು ನೋಡಿದ. ಕೆಲಸ ಕೆಡಿಸುವುದನ್ನು ಅವನ ಕೈ ಕಲಿತಿರಲಿಲ್ಲ. ಹೆಂಗಸರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇಸ್ತ್ರಿ ಅಕ್ಕನ ಮನೆಯಲ್ಲಿ ಅವಳ ಸೊಸೆ ಒಬ್ಬಳೇ ಇದ್ದಳು. ಮದುವೆಯಾಗಿ ಬಂದು ಏಳು ತಿಂಗಳು. ಸ್ಟವ್ವನ್ನು ಕೊಡುವಾಗ ದನಿ ತಗ್ಗಿಸಿದಳು.

"ಮಾವ, ನಮ್ಮದೊಂದು ಬಿಟ್ಟುಬಿಡಿ. ಅವರೇನು ಎಣಿಸಿದ್ದಾರಾ?"

"ನಾನೇ ಎಣಿಸಿ ಕೊಟ್ಟಿದ್ದೀನಿ ಕಣಮ್ಮ."

ಅವನು ಬಿಚ್ಚಿದ. ಜೋಪಾನ, ಕಲ್ಲು ನೋಡಿ ಇಡು ಎಂದ. ಹೂಂ ಮಾವ ಎಂದಳು.

ಹತ್ತೊಂಬತ್ತು ದಿನ ಅವಳು ಕಲ್ಲು ನೋಡಿಯೇ ಇಟ್ಟಳು. ಇಪ್ಪತ್ತನೆಯ ದಿನ ಸಂಜೆ ಗಂಡನ ಸ್ನಾನಕ್ಕೆ ನೀರು ಕಾಯಿಸಿ, ಹಂಡೆ ಇಳಿಸುವಾಗ ಸ್ಟವ್ ಅದರ ಜೊತೆಗೇ ವಾಲಿತು. ಬೀದಿಯವರೆಲ್ಲ ಕಂಬಳಿ ಹಿಡಿದು ಓಡಿದರು. ಫಿಟ್ಟರೂ ಓಡಿದ. ತೊಯ್ದ ಕಂಬಳಿಯಲ್ಲಿ ಅವಳನ್ನು ಸುತ್ತಿದವನು ಅವನೇ. ಮೂರು ದಿನ ಇದ್ದಳು. ನಾಲ್ಕನೆಯ ಬೆಳಿಗ್ಗೆ ಹೋದಳು. ಅವನ ಹೆಂಡತಿಗೆ ಸಿಕ್ಕಷ್ಟು ದಿನವೂ ಅವಳಿಗೆ ಸಿಗಲಿಲ್ಲ.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಪೊಲೀಸಿನವನು ಕಾಗದ ಹರಡಿಕೊಂಡು ಕೂತಿದ್ದ. ಕೆಟ್ಟವನಲ್ಲ, ಇಂಥ ಕಾಗದಗಳನ್ನು ಬರೆದು ಬರೆದು ಕೈ ಸವೆದವನು. ಆಗಲೇ ಬರೆದು ಮುಗಿಸಿದ್ದ: ಅಡುಗೆಯ ಸ್ಟವ್ ಆಕಸ್ಮಿಕವಾಗಿ ಮಗುಚಿ. ಹೆಬ್ಬೆಟ್ಟು ಒತ್ತಿದರೆ ಹೆಣ ಕೊಡುತ್ತಾರೆ ಎಂದ. ಇಸ್ತ್ರಿ ಅಕ್ಕ ಮಸಿ ಹಚ್ಚಿದ ಹೆಬ್ಬೆರಳು ಚಾಚಿದಳು. ಫಿಟ್ಟರ್ ಅವಳ ಮಣಿಕಟ್ಟು ಹಿಡಿದ.

"ಆಕಸ್ಮಿಕ ಅಂತ ಬರೀಬೇಡಿ."

"ಮತ್ತೇನು ಬರೀಲಿ?"

"ಆ ಸ್ಟವ್ವಿಗೆ ಬೆಂಕಿ ಆರಿಸೋ ಗುಂಡು ಇತ್ತು. ಅದನ್ನ ಬಿಚ್ಚಿದರು ಅಂತ ಬರೀರಿ."

"ಬಿಚ್ಚಿದ್ದು ಯಾರು?"

"ನಾನು."

ಇಸ್ತ್ರಿ ಅಕ್ಕ ತಲೆ ಎತ್ತಿ ನೋಡಿದಳು. ಅವನು ಅವಳ ಕಣ್ಣು ತಪ್ಪಿಸಲಿಲ್ಲ.

"ಬಿಚ್ಚಿದ್ದು ನಾನು. ಬಿಚ್ಚಿಸಿದ್ದು ಕಂಪನಿ. ಬಿಚ್ಚಿ ಅಂತ ಸೈನ್ ಹಾಕಿದ್ದು ಆಫೀಸು. ಮೂರನ್ನೂ ಬರೀರಿ."

ಪೊಲೀಸಿನವನು ಪೆನ್ನು ಕೆಳಗಿಟ್ಟ. "ಹಾಗೆ ಬರೆದರೆ ಮೊದಲು ಒಳಗೆ ಹೋಗೋನು ನೀನೇ ಕಣಯ್ಯ. ಅವರಿಗೆ ವಕೀಲರಿದ್ದಾರೆ. ನಿನಗೆ ಯಾರಿದ್ದಾರೆ?"

ಹಿಂದಿನಿಂದ ಒಬ್ಬಳು, ನಮ್ಮನೇದೂ ಬಿಚ್ಚಿಸಿದ್ರು, ಬರ್ಕೊಳ್ಳಿ ಎಂದಳು. ನಮ್ಮದೂ ಎಂದಳು ಇನ್ನೊಬ್ಬಳು. ಮೊಗಸಾಲೆಯ ತುಂಬ ಬೀದಿಯ ಹೆಂಗಸರಿದ್ದರು. ಕೆಲಸಕ್ಕೆ ಹೊತ್ತಾದರೂ ಯಾರೂ ಹೋಗಿರಲಿಲ್ಲ.

ಇಸ್ತ್ರಿ ಅಕ್ಕ ಹೆಬ್ಬೆರಳಿನ ಮಸಿಯನ್ನು ಗೋಡೆಗೆ ಒರೆಸಿದಳು. ಫಿಟ್ಟರನ ಕಡೆ ತಿರುಗಿಯೂ ನೋಡಲಿಲ್ಲ. ಅವನನ್ನು ಕ್ಷಮಿಸಿದಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪೊಲೀಸಿನವನಿಗೆ ಹೇಳಿದಳು:

"ಅವನು ಹೇಳಿದ ಹಾಗೆ ಬರಿಯಪ್ಪ. ಬರೆಯೋ ತನಕ ನನ್ನ ಸೊಸೆನ ನಾನು ಎತ್ತಲ್ಲ."

ಹೇಳಿ ನೆಲದ ಮೇಲೆ ಕೂತಳು. ಅವಳ ಪಕ್ಕದಲ್ಲಿ ಒಬ್ಬಳು ಕೂತಳು, ಅವಳ ಪಕ್ಕದಲ್ಲಿ ಇನ್ನೊಬ್ಬಳು. ದಾದಿಯರು ಓಡಾಡಲು ಜಾಗವಿಲ್ಲದೆ ನಿಂತರು. ಒಳಗೆ ಬಿಳಿ ಬಟ್ಟೆಯಡಿ ಇಪ್ಪತ್ತು ವರ್ಷದ ಹುಡುಗಿ ಕಾಯುತ್ತಿದ್ದಳು.

ತುಂಬ ಹೊತ್ತಾದ ಮೇಲೆ ಪೊಲೀಸಿನವನು ಬರೆದ ಕಾಗದವನ್ನು ಮಡಿಸಿ ಜೇಬಿಗಿಟ್ಟು ಹೊಸ ಹಾಳೆ ತೆಗೆದ.

"ಹೆಸರು ಹೇಳು," ಎಂದ.

ಫಿಟ್ಟರ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.