ಅಡಿಟಿಪ್ಪಣಿಗೆ ಇಳಿದ ಸಾಲು

ಆ ಬೆಳಿಗ್ಗೆ ಸಂಪಾದಕಿ ಕುರ್ಚಿಯಲ್ಲಿ ಕೂತದ್ದಕ್ಕಿಂತ ಅದರ ಸುತ್ತ ತಿರುಗಿದ್ದೇ ಹೆಚ್ಚು. ಮೇಜಿನ ಮೇಲೆ ಪಂಥದ ಆದಿಗುರುವಿನ ಹಾಡುಗಳ ಮೂರು ಕೈಬರಹದ ಪ್ರತಿಗಳಿದ್ದವು. ಸತ್ತವರನ್ನು ಮಣ್ಣು ಮಾಡುವಾಗ ಹಾಡುವ ಪದ್ಯದ ವಿಷಯದಲ್ಲಿ ಮೂರಕ್ಕೂ ಜಗಳ.

ತೀರ ಈಚಿನ ಪ್ರತಿಯದು ಎಲ್ಲರ ಬಾಯಲ್ಲಿರುವ ಸಾಲು: ‘ಬಂದವರೆಲ್ಲ ನಮ್ಮವರು, ಎಲ್ಲರಿಗೂ ಈ ಮಣ್ಣು.’ ಪಂಥದವರು ಪರರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುವುದು ಇದನ್ನೇ. ಗುರುವಿನ ಮೊಮ್ಮಗನ ಕಾಲದ ಪ್ರತಿಯಲ್ಲಿ: ‘ನಂಬಿ ಬಂದವಳಿಗೆ ಈ ಮಣ್ಣು.’ ಎಲ್ಲಕ್ಕಿಂತ ಹಳೆಯದರಲ್ಲಿ, ಶಿಷ್ಯನೊಬ್ಬ ಗುರುವಿನೆದುರೇ ಕೂತು ಬರೆದುಕೊಂಡದ್ದರಲ್ಲಿ: ‘ಹೊರಗಿಂದ ಬಂದವಳಿಗೆ ಈ ಮಣ್ಣಿಲ್ಲ.’ ಶಾಯಿ ನಿನ್ನೆ ಬರೆದಷ್ಟು ಕಪ್ಪಗಿತ್ತು.

ಕರುಣಾಳು ಎಂದು ಎಲ್ಲರೂ ಕೊಂಡಾಡುವ ಗುರು ಹೀಗೆ ಹಾಡಿದ್ದ. ಕರುಣೆ ಬಂದದ್ದು ಆಮೇಲೆ, ಕಂತಿನಲ್ಲಿ. ಮೊಮ್ಮಗ ಯಾಕೆ ತಿದ್ದಿದ ಎಂಬುದಕ್ಕೆ ಅವನದೇ ಇನ್ನೊಂದು ಹಾಡು ಸಾಕ್ಷಿ ಹೇಳುತ್ತಿತ್ತು: ಅವನ ಹೆಂಡತಿ ನದಿಯಾಚೆಯವಳು.

ಸಂಪಾದಕಿಯ ಅಮ್ಮನೂ ಹೊರಗಿನವಳೇ. ಅಪ್ಪನನ್ನು ಪಂಥದ ನೆಲದಲ್ಲಿ ಮಣ್ಣು ಮಾಡಿದಾಗ ಪಕ್ಕದಲ್ಲಿ ಅವಳಿಗೆಂದು ಜಾಗ ಬಿಟ್ಟಿದ್ದರು.

‘ನಂಬಬಹುದಾದ ಪ್ರತಿಗಳಲ್ಲಿ ಅತ್ಯಂತ ಹಳೆಯದರ ಸಾಲು ಪಾಠವಾಗಿ ಪುಟದ ಮೇಲೆ, ಮಿಕ್ಕದ್ದೆಲ್ಲ ಅಡಿಟಿಪ್ಪಣಿಗೆ’ ಎಂಬುದು ಸಂಪಾದಕಿಯೇ ಮುನ್ನುಡಿಯಲ್ಲಿ ಬರೆದ ನಿಯಮ. ಅದನ್ನು ಮುರಿದ ಬೇರೆ ಸಂಪಾದಕರನ್ನು ವಿಮರ್ಶೆಗಳಲ್ಲಿ ಚೆನ್ನಾಗಿ ಬೆಂಡೆತ್ತಿದ್ದಳು ಕೂಡ.

ಪುಸ್ತಕ ಹೊರತರುತ್ತಿದ್ದ ಪಂಥದ ಸಮಿತಿಯ ಕಾರ್ಯದರ್ಶಿಗೂ ಈ ನಿಯಮ ಪ್ರಾಣ. ಇನ್ನೂ ಎಳೆಯ ವಯಸ್ಸಿನವನು, ಬಾಯಿ ತೆರೆದರೆ ‘ಮೂಲಕ್ಕೆ ಮರಳೋಣ’ ಅನ್ನುತ್ತಿದ್ದ. ಕಚೇರಿಯವರು ಅವನಿಗಿಟ್ಟ ಹೆಸರು ಮೂಲವ್ಯಾಧಿ. ಹೊಸ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಪಂಥ ನಡೆಯಬೇಕೆಂದು ಸಭೆಯಲ್ಲಿ ಠರಾವು ಬೇರೆ ಮಾಡಿಸಿದ್ದ.

ಹಿಂದಿನ ಸಂಜೆ ಅಮ್ಮನಿಗೆ ವಿಷಯ ಹೇಳಿದ್ದಳು. ಹೊದಿಕೆ ಮಡಚುತ್ತಿದ್ದ ಅಮ್ಮ, “ಹಾಗಾದ್ರೆ ನನ್ನ ಎಲ್ಲಿಡ್ತೀರ? ಅಟ್ಟದ ಮೇಲಾ?” ಅಂದಿದ್ದಳು.

“ತಮಾಷೆ ಬೇಡಮ್ಮ.”

“ಅಲ್ವೇ, ಇಷ್ಟು ವರ್ಷ ನಿಮ್ಮಪ್ಪನ ಗೊರಕೆ ಕೇಳ್ಕೊಂಡು ಬಿದ್ದಿದ್ದೆ. ಈಗ ಸುಮ್ಮನಿದ್ದಾರೆ, ಪಕ್ಕದಲ್ಲಿ ಹಾಯಾಗಿ ಮಲಗೋಣ ಅಂದ್ರೆ ನಿನ್ನ ಪುಸ್ತಕ ಅಡ್ಡ ಬಂತು.” ನಕ್ಕಳು. ನಕ್ಕು, ಮಡಚಿದ್ದ ಹೊದಿಕೆಯನ್ನು ಬಿಡಿಸಿ ಮತ್ತೆ ಮಡಚಿದಳು.

ಈಗ ಬಾಗಿಲಲ್ಲಿ ಕಾರ್ಯದರ್ಶಿ.

“ಅಕ್ಕಾ, ಅದೊಂದು ಪದ್ಯ ಬಾಕಿ. ಪ್ರೆಸ್ಸಿನವರು ಪ್ರಾಣ ತಿಂತಿದ್ದಾರೆ.”

“ಒಂದ್ನಿಮಿಷ.” ಸಂಪಾದಕಿ ಕೊನೆಗೂ ಕೂತಳು. ಅತಿ ಹಳೆಯ ಸಾಲನ್ನು ಕೆಳಗಿಳಿಸಿ, ಮುಂದೆ ‘ಶಾಯಿ ಮಾಸಿದೆ, ಪಾಠ ಸಂಶಯಾಸ್ಪದ’ ಎಂದು ಬರೆದಳು. ಬೆರಳು ಬೆವರಿತ್ತು. ನಿಯಮದ ಪ್ರಕಾರ ನಂತರದ ಸರದಿ ಮೊಮ್ಮಗನದು; ಅದನ್ನು ಮೇಲಿಟ್ಟಳು. ಸುಳ್ಳಿನಲ್ಲೂ ಶಿಸ್ತು ಬಿಡದ ಜಾತಿ.

ಕಾರ್ಯದರ್ಶಿ ಓದಿದ. “‘ನಂಬಿ ಬಂದವಳಿಗೆ.’ ಅಂದ್ರೆ ನಂಬಿದಾಳೋ ಇಲ್ವೋ ಅಂತ ನೋಡ್ಬೇಕು. ಯಾರು ನೋಡೋದು?”

“ಅದು ಪದ್ಯದಲ್ಲಿಲ್ಲ.”

“ಪರವಾಗಿಲ್ಲ ಬಿಡಿ, ಸಮಿತಿ ನೋಡುತ್ತೆ. ಒಂದು ಸಣ್ಣ ವಿಚಾರಣೆ ಇಟ್ಕೊಂಡ್ರಾಯ್ತು.”

ಪ್ರಾರ್ಥನೆಯ ನಡುವೆ ತೂಕಡಿಸುವ ಅಮ್ಮ ಇವನ ಮುಂದೆ ಕೈಕಟ್ಟಿ ನಿಂತ ಚಿತ್ರ ಕಣ್ಣಿಗೆ ಬಂತು. ಅಲ್ಲಿ ಅವಳು ಜೋಕು ಬೇರೆ ಹೊಡೆಯುತ್ತಾಳೆ.

“ಕೊಡಿಲ್ಲಿ.” ಹಾಳೆಯನ್ನು ಹೆಚ್ಚೂಕಡಿಮೆ ಕಿತ್ತುಕೊಂಡಳು. “ತಪ್ಪಾಗಿದೆ.”

ಈ ಸಲ ಬೆರಳು ಬೆವರಲಿಲ್ಲ, ಅದೇ ಅವಳಿಗೆ ದಿಗಿಲು. ಮೊಮ್ಮಗನ ಪ್ರತಿಯನ್ನೂ ‘ತಿದ್ದಿದಂತೆ ಕಾಣುತ್ತದೆ’ ಎಂದು ಕೆಳಗೆ ತಳ್ಳಿದಳು. ಮೇಲೆ ಉಳಿದದ್ದು ‘ಎಲ್ಲರಿಗೂ ಈ ಮಣ್ಣು.’

“ಇದೇನಾ ಅಕ್ಕಾ ಮೂಲ?”

“ಇದೇ.”

ಅವನು ಸಾಲನ್ನು ಎರಡೆರಡು ಸಲ ಓದಿಕೊಂಡ. ಕಣ್ಣು ತುಂಬಿತ್ತು. “ಎಂಥ ದೊಡ್ಡ ಮನಸ್ಸು ನಮ್ಮ ಗುರುಗಳದ್ದು! ಆಮೇಲಿನವರು ಹಾಳು ಮಾಡಿದ್ರು ನೋಡಿ.” ಹಾಳೆ ಎದೆಗೊತ್ತಿಕೊಂಡು ಪ್ರೆಸ್ಸಿಗೆ ಓಡಿದ.

ಸಂಪಾದಕಿ ಅತಿ ಹಳೆಯ ಪ್ರತಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕುರ್ಚಿಯವರೆಗೆ ಬಂದು, ತಿರುಗಿ ಹೋಗಿ, ಬೀಗ ಎಳೆದು ನೋಡಿದಳು. ಮತ್ತೆ ಹೋಗಿ ಎಳೆದು ನೋಡಿದಳು.