ಸೂಟ್‌ಕೇಸಿನಲ್ಲಿ ಬಂದ ಕೊಂಡಿ

ಗೋಪಿನಾಥರು ಇಪ್ಪತ್ತೆಂಟು ವರ್ಷ ಯುರೋಪಿನ ಅಬ್‌ಸ್ಟಾಟ್ ಎಂಬ ಊರಿನಲ್ಲಿ ಕಾರುಗಳ ಬ್ರೇಕಿನ ಕೆಲಸ ಮಾಡಿ, ಹೋದ ವರ್ಷ ಆ ಕೆಲಸಕ್ಕೇ ಬ್ರೇಕ್ ಹಾಕಿ ಅಲ್ಲೇ ಮನೆಯಲ್ಲಿ ಕೂತವರು. ಊರ ಮಂದಿಯ ಕಾರುಗಳು ಎಷ್ಟು ಮೀಟರಿನೊಳಗೆ ನಿಲ್ಲಬೇಕು ಎಂದು ಹೇಳುತ್ತಿದ್ದ ಈ ಮನುಷ್ಯನಿಗೆ ತಾನು ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಅದರಲ್ಲೂ ಉಳಿತಾಯದ ವಿಷಯ ಬಂದರೆ.

ನಿವೃತ್ತಿಗೆ ಒಂದು ವರ್ಷ ಮೊದಲೇ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಒಂದನ್ನು ಕೊಂಡಿದ್ದರು. ಏಳು ಮೀಟರ್ ಉದ್ದ, ಒಳಗೆ ಒಲೆ, ಹಾಸಿಗೆ, ಟಾಯ್ಲೆಟ್ಟು. ಯುರೋಪೆಲ್ಲ ಸುತ್ತುವ ಯೋಜನೆ. ಮೂರೇ ತಿಂಗಳಿಗೆ ಹೆಂಡತಿ ಅನಸೂಯ ಅವರ ಎರಡೂ ಕಿಡ್ನಿಗಳು ಕೈಕೊಟ್ಟವು. "ನಿಮಗಿಂತ ಮುಂಚೆ ನನ್ ಕಿಡ್ನಿನೇ ರಿಟೈರ್ ಆಯ್ತು ನೋಡಿ" ಎಂದು ಹೆಂಡತಿ ಆಸ್ಪತ್ರೆಯ ಮಂಚದಲ್ಲೇ ನಕ್ಕಿದ್ದರು. ಅಲ್ಲಿಂದೀಚೆಗೆ ಮಂಗಳವಾರ, ಗುರುವಾರ, ಶನಿವಾರ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ. ಮೋಟರ್‌ಹೋಮ್ ಮನೆಯ ಮುಂದೆ ನಿಂತಲ್ಲೇ ಪಾಚಿ ಹಿಡಿಯಿತು. ಇನ್ಶೂರೆನ್ಸು, ಟ್ಯಾಕ್ಸು, ಟೈರು ಎಂದು ದುಡ್ಡು ಹೋದಾಗಲೆಲ್ಲ ಅನಸೂಯ ಅನ್ನುತ್ತಿದ್ದರು: "ಇದು ಮೋಟರ್‌ಹೋಮ್ ಅಲ್ಲ ರೀ, ಮೋಟರ್ ಹೋಮ. ತುಪ್ಪದ ಬದಲು ಯೂರೋ ಸುರೀತಿದೀವಿ. ಸ್ವಾಹಾ ಅನ್ನಿ."

ಅಂಥವರು ಈ ಮಾರ್ಚಿನಲ್ಲಿ ಒಂದೇ ಒಂದು ಆಸೆ ಬಾಯಿಬಿಟ್ಟರು.

"ಸಮುದ್ರದ ಹತ್ರ ಹೋಗೋಣ ರೀ. ಕುಡಿಯೋಕಂತೂ ನೀರಿಲ್ಲ, ಕಣ್ತುಂಬ ನೋಡೋದಾದ್ರೂ ನೋಡ್ತೀನಿ."

ಉತ್ತರದ ಬ್ಯೂಸುಮ್ ಎಂಬ ಕಡಲೂರಿನ ಆಸುಪಾಸಿನಲ್ಲಿ ಹೊರಗಿನಿಂದ ಬರುವ ರೋಗಿಗಳಿಗೂ ಡಯಾಲಿಸಿಸ್ ಮಾಡುವ ಕೇಂದ್ರ ಇತ್ತು. ಹನ್ನೊಂದು ಫೋನ್ ಮಾಡಿದ ಮೇಲೆ ಅಲ್ಲಿ ಎರಡು ವಾರಕ್ಕೆ ಜಾಗ ಸಿಕ್ಕಿತು. ಮೊದಲ ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟು, ಸೆಪ್ಟೆಂಬರ್ ಎಂಟು, ಮಂಗಳವಾರ, ಬೆಳಿಗ್ಗೆ ಏಳಕ್ಕೆ. ಆ ಎರಡು ವಾರ ಅನಸೂಯ ಅವರ ಇಲ್ಲಿನ ಕುರ್ಚಿಯನ್ನು ಇನ್ನೊಬ್ಬರಿಗೆ ಬರೆದುಕೊಟ್ಟಾಗಿತ್ತು. ಅಂದರೆ ಆ ಮಂಗಳವಾರ ಅವರ ರಕ್ತ ತೊಳೆಯುವ ಯಂತ್ರ ಕಡಲ ದಂಡೆಯಲ್ಲಿ ಮಾತ್ರ ಇರುತ್ತದೆ.

ಒಂದು ತೊಡಕು. ಮೋಟರ್‌ಹೋಮ್ ನಿಲ್ಲಿಸುವ ಕ್ಯಾಂಪಿಂಗ್ ಜಾಗದಿಂದ ಡಯಾಲಿಸಿಸ್ ಕೇಂದ್ರಕ್ಕೆ ಹದಿನಾಲ್ಕು ಕಿಲೋಮೀಟರ್, ಕೇಂದ್ರ ಇರುವ ಬೀದಿಗೆ ಏಳು ಮೀಟರಿನ ಗಾಡಿ ನುಗ್ಗುವುದಿಲ್ಲ. ಟ್ಯಾಕ್ಸಿ ಎಂದರೆ ಅನಸೂಯ ಸುತರಾಂ ಒಲ್ಲೆ ಅನ್ನುತ್ತಾರೆ. ಒಮ್ಮೆ ಡಯಾಲಿಸಿಸ್ ಮುಗಿಸಿ ಬರುವಾಗ ಟ್ಯಾಕ್ಸಿಯಲ್ಲಿ ವಾಂತಿಯಾಗಿ ಮೂರು ದಿನ ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದರು. ಹೋಟೆಲಿನಲ್ಲಿ ಉಳಿಯೋಣವೆಂದರೆ ಉಪ್ಪಿಲ್ಲದ, ಎರಡು ಸಲ ನೀರು ಬಸಿದ ಪಲ್ಯ ಬೇಯಿಸಿ ಕೊಡುವವರು ಯಾರು? ಹಾಗಾಗಿ ಒಲೆಯೂ ಹಾಸಿಗೆಯೂ ಇರುವ ಮೋಟರ್‌ಹೋಮೇ ಹೋಗಬೇಕು, ಅದರ ಬೆನ್ನಿಗೆ ಅನಸೂಯ ಅವರ ಹಳದಿ ಪುಟ್ಟ ಕಾರು ಹೋಗಬೇಕು. ಆ ಕಾರಿಗೆ ಮನೆಯಲ್ಲಿ ನಿಂಬೆಕಾಯಿ ಎಂದು ಹೆಸರು.

"ಅದಕ್ಕೇನಂತೆ, ನಿಂಬೆಕಾಯಿ ನಾನ್ ಓಡಿಸ್ಕೊಂಡ್ ಬರ್ತೀನಿ" ಅಂದರು ಅನಸೂಯ.

"ಏಳ್ನೂರು ಕಿಲೋಮೀಟರ್ ಕಣೇ! ಸುಮ್ನಿರು. ಅದಕ್ಕೆಲ್ಲ ವ್ಯವಸ್ಥೆ ಇದೆ."

ವ್ಯವಸ್ಥೆ ಇತ್ತು. ಏಪ್ರಿಲ್‌ನಲ್ಲಿ ಹೈಲ್‌ಬ್ರಾನ್ ಕಡೆಯ ಗ್ಯಾರೇಜಿನವನೊಬ್ಬ ಎಲ್ಲ ನೋಡಿ, ಮೋಟರ್‌ಹೋಮಿನ ಹಿಂದಕ್ಕೊಂದು ಕೊಂಡಿ, ಕಾರು ಹೇರಲು ತಗ್ಗಿನ ಟ್ರೇಲರ್, ವೈರಿಂಗು, ಇಷ್ಟಕ್ಕೂ ಸರ್ಕಾರಿ ಕಾಗದ, ಜೊತೆಗೆ ಟ್ರೇಲರ್ ಎಳೆಯುವ ಲೈಸೆನ್ಸಿಗೆ ಡ್ರೈವಿಂಗ್ ಸ್ಕೂಲಿನ ಫೀಸು ಸೇರಿಸಿ, ಆರು ಸಾವಿರದ ಇನ್ನೂರು ಯೂರೋ, ಎಂಟು ವಾರ ಅಂದ. ಗೋಪಿನಾಥರು ಆ ಕೊಟೇಶನ್ನನ್ನು ಬಿಸಿ ಪಾತ್ರೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಮನೆಗೆ ತಂದರು.

"ಕೊಟ್ಬಿಡಿ ಅತ್ಲಾಗೆ" ಅಂದರು ಅನಸೂಯ. "ಪೆನ್ಷನ್ ಬರುತ್ತೆ, ಮಗಳು ಇಳಾ ಆಖೆನ್‌ನಲ್ಲಿ ಅವಳ ಖರ್ಚು ಅವಳೇ ನೋಡ್ಕೊಳ್ತಾಳೆ."

"ಆರು ಸಾವಿರ ಎಳೆಯೋಕಾ? ಎಳೆಯೋದು ಕಾರನ್ನಾ, ನನ್ನ ಕರುಳನ್ನಾ?"

ಆ ರಾತ್ರಿಯೇ ಎಕ್ಸೆಲ್ ಶೀಟ್ ತೆರೆಯಿತು. ಅಮೆರಿಕದಲ್ಲಿ ಜನ ಟ್ರೇಲರಿನ ಗೊಡವೆಯೇ ಇಲ್ಲದೆ, ಕಾರಿನ ಮೂತಿಗೆ ಒಂದು ತಟ್ಟೆ ಬಿಗಿದು, ಕೊಂಡಿ ಸಿಕ್ಕಿಸಿ, ನಾಲ್ಕೂ ಚಕ್ರ ನೆಲದ ಮೇಲೆಯೇ ಇಟ್ಟು ಎಳೆದುಕೊಂಡು ಹೋಗುತ್ತಾರೆ ಎಂಬ ವಿಡಿಯೋ ಸಿಕ್ಕಿತು. ಕೊಂಡಿ, ತಟ್ಟೆ, ಎಳೆಸಿಕೊಳ್ಳುವ ಕಾರಿನ ಬ್ರೇಕ್ ಒತ್ತುವ ಪೆಟ್ಟಿಗೆ, ವೈರು, ಎಲ್ಲ ಸೇರಿ ಎರಡು ಸಾವಿರದ ಆಚೀಚೆ. ಹಡಗಿನಲ್ಲಿ ತರಿಸಿದರೆ ಸಾಗಣೆ ದುಬಾರಿ. ಆದರೆ ವಿದೇಶದ ಕನ್ನಡಿಗನಿಗೆ ಸಾಗಣೆಗೆ ಹಡಗೇಕೆ? ಯಾರಾದರೂ ಬರುವವರು ಇದ್ದೇ ಇರುತ್ತಾರಲ್ಲ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ಟು, ಹುಣಸೆಹಣ್ಣು, ಪಂಚಾಂಗ, ಎಲ್ಲ ಹಾಗೇ ಬಂದದ್ದು. ಡಲ್ಲಾಸಿನಲ್ಲಿದ್ದ ಅಕ್ಕನ ಮಗ ರಾಕೇಶ್ ಜೂನ್ ಕೊನೆಗೆ ಬರುವವನಿದ್ದ.

"ಮಾವ, ಇದು ಕಬ್ಬಿಣ. ಉಪ್ಪಿನಕಾಯಿ ಅಲ್ಲ" ಅಂದ ರಾಕೇಶ್ ಫೋನಿನಲ್ಲಿ.

"ಡಬ್ಬ, ಪೇಪರು, ಥರ್ಮಾಕೋಲು ಎಲ್ಲ ಅಲ್ಲೇ ಎಸ್ದು ಬರೀ ಸಾಮಾನ್ ತಗೊಂಡ್ ಬಾರೋ. ಇಪ್ಪತ್ಮೂರು ಕೆಜಿ ಒಳಗೆ ಆಗುತ್ತೆ."

ರಾಕೇಶ್ ಚಾಚೂ ತಪ್ಪದೆ ಹಾಗೇ ಮಾಡಿದ. ಬ್ರೇಕಿನ ಪೆಟ್ಟಿಗೆ ಮಾತ್ರ ಎರಡನೇ ಕಂತಿನಲ್ಲಿ, ಅವನ ಗೆಳೆಯನೊಬ್ಬನ ಸೂಟ್‌ಕೇಸಿನಲ್ಲಿ, ಜುಲೈ ಕೊನೆಗೆ ಬಂತು. ಫ್ರಾಂಕ್‌ಫರ್ಟಿನ ಕಸ್ಟಮ್ಸಿನವರು ರಾಕೇಶನ ಸೂಟ್‌ಕೇಸ್ ತೆಗೆಸಿ, ಸೀರೆ ಸುತ್ತಿದ ಕಬ್ಬಿಣದ ಬೊಂಬೆಯಂತಿದ್ದ ಕೊಂಡಿಯನ್ನು ನೋಡಿ, ಸುಂಕ ವಸೂಲು ಮಾಡಿ ಕಳಿಸಿದರು. ಗೋಪಿನಾಥರು ಆ ಸುಂಕವನ್ನು ಶೀಟಿನಲ್ಲಿ ಬರೆದುಕೊಂಡು, ಇನ್ನೂ ಮೂರೂವರೆ ಸಾವಿರ ಉಳಿಯಿತಲ್ಲ ಎಂದು ಸಮಾಧಾನಪಟ್ಟರು. ಏನೋ ಕೊಂಡಿದ್ದಕ್ಕಿಂತ, ಕೊಂಡಿಯನ್ನು ಅಗ್ಗಕ್ಕೆ ಕೊಂಡಿದ್ದು ಅವರಿಗೆ ಹೆಚ್ಚಿನ ಸುಖ ಕೊಟ್ಟಿತ್ತು.

ಅಮೆರಿಕದ ತಟ್ಟೆ ನಿಂಬೆಕಾಯಿಯ ಮೂತಿಗೆ ಕೂರಲಿಲ್ಲ. ರೆನ್ನಿಂಗೆನ್‌ನಿಂದ ಗೆಳೆಯ ಯತಿರಾಜ್‌ನನ್ನು ಕರೆಸಿ, ಅವನ ಕೈಗೆ ಟಾರ್ಚು ಕೊಟ್ಟು, ಗೋಪಿನಾಥರೇ ಕೆಳಗೆ ಮಲಗಿ ಕಾರಿನ ಚಾಸಿಗೆ ಎರಡು ತೂತು ಕೊರೆದರು.

"ಗೋಪಿ ಸಾರ್, ಇದಕ್ಕೆ ಒಂದ್ಸಲ ಯಾರನ್ನಾದ್ರೂ ಕೇಳ್ಬೇಕಿತ್ತಲ್ವಾ?"

"ಯಾರನ್ನ ಕೇಳ್ತೀಯಾ? ಬ್ರೇಕ್ ವಿಷಯ ಜನ ನನ್ನನ್ನ ಕೇಳ್ತಿದ್ರು ಮಾರಾಯ."

"ಹಂಗಲ್ಲ. ಮೇಡಂ ಸಮುದ್ರಕ್ಕೆ ಹೋಗೋ ಡೇಟ್ ಹತ್ರ ಬರ್ತಿದೆ..."

"ಟಾರ್ಚ್ ನೆಟ್ಟಗೆ ಹಿಡಿ."

ಕಿಟಕಿಯಲ್ಲಿ ಅನಸೂಯ ನಿಂತಿದ್ದರು. ತಮ್ಮ ಕಾರಿನ ಮೂತಿಗೆ ಮೂಗುದಾರ ಹಾಕುವುದನ್ನು ನೋಡುತ್ತಾ, ಬಾಯಾರಿಕೆಗೆ ಒಂದು ಐಸ್ ತುಂಡು ಚೀಪುತ್ತಿದ್ದರು. ಅವರ ದಿನದ ಲೆಕ್ಕದಲ್ಲಿ ಅದೂ ಬರೆಯಬೇಕಾದ ನೀರು.

ಆಗಸ್ಟ್ ಇಪ್ಪತ್ತಾರಕ್ಕೆ ವಾಹನ ತಪಾಸಣೆಯ ಟೆರ್ಮಿನ್. ಮೋಟರ್‌ಹೋಮನ್ನು ಗೋಪಿನಾಥರು ಓಡಿಸಿದರು, ನಿಂಬೆಕಾಯಿಯನ್ನು ಯತಿರಾಜ್ ತಂದುಕೊಟ್ಟ. ತಪಾಸಣೆ ಮಾಡುವಾಕೆಗೆ ಮೂವತ್ತೈದರ ಪ್ರಾಯ. ಟಾರ್ಚು ಹಿಡಿದು ನಿಂಬೆಕಾಯಿಯ ಅಡಿಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮೂರೇ ಪ್ರಶ್ನೆ ಕೇಳಿದಳು, ತೀರಾ ಮೆತ್ತಗೆ.

"ಕೊಂಡಿಯ ಮೇಲೆ ಇಲ್ಲಿನ ಅನುಮೋದನೆಯ ನಂಬರ್ ಇಲ್ಲ. ಕಾಗದ ಇದೆಯೇ?"

"ಡಲ್ಲಾಸಿನಲ್ಲಿ ಉಳಿಯಿತು."

"ಈ ತೂತುಗಳನ್ನು ಯಾವ ಗ್ಯಾರೇಜು ಕೊರೆಯಿತು?"

ಗೋಪಿನಾಥರು ತಮ್ಮ ಎದೆಯ ಕಡೆ ಬೆರಳು ತೋರಿಸಿದರು.

"ನೀವು ಬ್ರೇಕಿನ ಇಂಜಿನಿಯರ್ ಆಗಿದ್ದಿರಿ ಎಂದು ಫಾರ್ಮಿನಲ್ಲಿ ಬರೆದಿದ್ದೀರಿ. ಯಾರಾದರೂ ಇದನ್ನು ನಿಮ್ಮ ಮೇಜಿಗೆ ತಂದಿದ್ದರೆ?"

ಇಪ್ಪತ್ತೆಂಟು ವರ್ಷ ಅವರ ಮೇಜಿಗೆ ಬಂದದ್ದೇ ಅದು. ನಂಬರಿಲ್ಲದ, ಕಾಗದವಿಲ್ಲದ ಬಿಡಿಭಾಗಗಳು. ಎಷ್ಟೋ ಜನರ ವರ್ಷದ ಕೆಲಸವನ್ನು ಅವರು ಒಂದು ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಕಳಿಸಿದ್ದರು, ಮಧ್ಯಾಹ್ನದ ಊಟದ ಡಬ್ಬಿ ತೆರೆಯುತ್ತಲೇ.

"ವಾಪಸ್ ಕಳಿಸುತ್ತಿದ್ದೆ" ಅಂದರು.

ಹೀಗೆ ಎಳೆಯುವುದಕ್ಕೆ ಈ ದೇಶದಲ್ಲಿ ಬೇರೆಯದೇ ಅನುಮತಿ ಬೇಕು, ಅದು ವಾರದಲ್ಲಿ ಆಗುವ ಮಾತಲ್ಲ, ಮೊದಲು ತಟ್ಟೆ ಬಿಚ್ಚಿಸಿ ಎಂದು ಆಕೆ ಬರೆದುಕೊಟ್ಟಳು. ಗೋಪಿನಾಥರು ಅಲ್ಲಿಂದಲೇ ಹೈಲ್‌ಬ್ರಾನಿನ ಗ್ಯಾರೇಜಿಗೆ ಫೋನ್ ಮಾಡಿದರು. ಅವನು ಈಗಲೂ ಅದೇ ಹೇಳಿದ, ಎಂಟು ವಾರ. ಇದ್ದದ್ದು ಹದಿಮೂರು ದಿನ.

ಸಂಜೆ ಗೋಪಿನಾಥರು ಏನೂ ಹೇಳುವ ಮೊದಲೇ ಅನಸೂಯ ಗಂಡನ ಮುಖ ಓದಿದ್ದರು.

"ಬಿಡಿ. ನಾನ್ ಓಡಿಸ್ತೀನಿ ಅಂತ ಮಾರ್ಚ್‌ನಲ್ಲೇ ಹೇಳಿದ್ನಲ್ಲ."

"ಮಾರ್ಚ್‌ನಲ್ಲಿ ನಿನ್ ಕಾಲು ಇಷ್ಟ್ ಊದ್ತಿರ್ಲಿಲ್ಲ, ಅನು."

ಅನಸೂಯ ಮೋಟರ್‌ಹೋಮಿಗೆ ಜೋಡಿಸಲು ಬೇಳೆ ಡಬ್ಬಿಗಳನ್ನು ಒರೆಸುತ್ತಾ ಕೂತರು. ಬೇರೆ ಡ್ರೈವರ್ ಸಿಗಲಿಲ್ಲ. ಯತಿರಾಜ್ ಆ ವಾರ ಬೆಂಗಳೂರಿಗೆ ಟಿಕೆಟ್ ತೆಗೆಸಿಯಾಗಿತ್ತು. ಇಳಾಗೆ ಸೋಮವಾರ ಪರೀಕ್ಷೆ. "ಪಪ್ಪಾ, why didn't you just pay the man?" ಅಂದಳು. ಮಗಳ ಇಂಗ್ಲಿಷ್ ಇಷ್ಟು ಚೆನ್ನಾಗಿ ಅರ್ಥವಾದದ್ದು ಅವರಿಗೆ ಅದೇ ಮೊದಲು.

ಸೆಪ್ಟೆಂಬರ್ ಐದರ ಶನಿವಾರ ಡಯಾಲಿಸಿಸ್ ಆಯಿತು. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರು. ಮುಂದೆ ಮೋಟರ್‌ಹೋಮ್, ಹಿಂದೆ ನಿಂಬೆಕಾಯಿ. ಗಂಟೆಗೆ ತೊಂಬತ್ತು, ಪ್ರತಿ ಎಂಬತ್ತು ಕಿಲೋಮೀಟರಿಗೆ ನಿಲ್ಲುವುದು, ಗಾಡಿ ಓಡಿಸುವಾಗ ಫೋನ್ ಎತ್ತಕೂಡದು. ನಿಯಮಗಳೆಲ್ಲ ಗೋಪಿನಾಥರವು. ಅವರು ರಸ್ತೆಗಿಂತ ಹೆಚ್ಚಾಗಿ ಕನ್ನಡಿ ನೋಡಿದರು. ಕನ್ನಡಿಯಲ್ಲಿ ಹಳದಿ ಬೊಟ್ಟು. ನಾಲ್ಕು ಸಲ ನಿಂತರು. ನಾಲ್ಕೂ ಸಲ ಅನಸೂಯ "ಚೆನ್ನಾಗಿದೀನಿ, ನಡೀರಿ" ಅಂದರು. ನಾಲ್ಕನೇ ಸಲ ಅದನ್ನು ಕಾರಿನಿಂದ ಇಳಿಯದೆ ಹೇಳಿದರು. ಗೋಪಿನಾಥರು ಅದನ್ನು ಗಮನಿಸಿಯೂ ಗಮನಿಸದವರಂತೆ ಹೊರಟರು.

ಕಾಸೆಲ್ ದಾಟಿದ ಇಳಿಜಾರಿನಲ್ಲಿ ಎರಡು ಲಾರಿ ನಡುವೆ ಬಂದವು. ಲಾರಿ ಸರಿದ ಮೇಲೆ ನೋಡಿದರೆ ಕನ್ನಡಿಯಲ್ಲಿ ಬೊಟ್ಟಿಲ್ಲ.

ಆಟೋಬಾನ್ ಹೆದ್ದಾರಿಯಲ್ಲಿ ನಿಲ್ಲುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ಮುಂದಿನ ವಿಶ್ರಾಂತಿ ಜಾಗ ಬರುವ ತನಕ ಒಂಬತ್ತು ಕಿಲೋಮೀಟರ್ ಅವರು ಹೆಂಡತಿಯಿಂದ ದೂರ ದೂರ ಓಡಬೇಕಾಯಿತು. ಅಲ್ಲಿ ನಿಲ್ಲಿಸಿ, ಇಳಿದು, ಒಳಬರುವ ದಾರಿಯ ತುದಿಗೆ ಓಡಿದರು. ಫೋನ್ ಮಾಡಿದರು. ಎತ್ತಲಿಲ್ಲ. ಅದು ಅವರದೇ ನಿಯಮ. ಇನ್ನೂ ಏಳು ಸಲ ಮಾಡಿದರು.

ಇಪ್ಪತ್ತು ನಿಮಿಷದ ಮೇಲೆ ನಿಂಬೆಕಾಯಿ ನಾಲ್ಕೂ ದೀಪ ಮಿನುಗಿಸುತ್ತಾ ಎತ್ತಿನಗಾಡಿಯ ಹಾಗೆ ಒಳಗೆ ಬಂತು. ಪಾರ್ಕಿಂಗ್ ಗೆರೆ ದಾಟಿ, ಕಲ್ಲಿನ ಅಂಚಿಗೆ ಢಿಕ್ಕಿ ಹೊಡೆದು ನಿಂತಿತು. ಬಾಗಿಲು ತೆರೆದರೆ ಅನಸೂಯ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದಿದ್ದರು.

"ಮೀನಖಂಡ ಹಿಡ್ಕೊಂಡ್ಬಿಡ್ತು ರೀ. ಇಳಿಜಾರಲ್ಲಿ... ಬ್ರೇಕ್ ಒತ್ತೋಕೇ ಆಗ್ಲಿಲ್ಲ. ಕಾಲು ನಂದಲ್ಲ ಅನ್ನೋ ಹಾಗೆ. ಪಕ್ಕಕ್ ತಗೊಂಡು ಕೈಯಲ್ಲೇ ಎಳ್ದೆ."

ಗೋಪಿನಾಥರು ಡಾಂಬರಿನ ಮೇಲೆ ಕೂತು ಅವರ ಚಪ್ಪಲಿ ಬಿಚ್ಚಿ, ಕಲ್ಲಾಗಿದ್ದ ಮೀನಖಂಡವನ್ನು ತಿಕ್ಕತೊಡಗಿದರು. ಕಣಕಾಲಿನ ಊತದಲ್ಲಿ ಅವರ ಹೆಬ್ಬೆರಳಿನ ಗುರುತು ಮೂಡಿ, ಮೂಡಿದ್ದು ಹಾಗೇ ಉಳಿಯಿತು. ಎಷ್ಟು ವೇಗಕ್ಕೆ ಎಷ್ಟು ಒತ್ತಡ, ಎಷ್ಟು ಮೀಟರು, ಎಲ್ಲ ಅವರಿಗೆ ಗೊತ್ತಿತ್ತು. ಒತ್ತುವ ಕಾಲು ಅವರ ಯಾವ ಶೀಟಿನಲ್ಲೂ ಇರಲಿಲ್ಲ.

"ವಾಪಸ್ ಹೋಗೋಣ್ವಾ?" ಅಂದರು ಮೆಲ್ಲಗೆ.

"ಹೋಗಿ? ಮಂಗಳವಾರ ಅಲ್ಲಿ ನನ್ ಕುರ್ಚಿಲಿ ಇನ್ಯಾರೋ ಇರ್ತಾರೆ. ಇನ್ನೆಷ್ಟ್ ದೂರ?"

"ಮುನ್ನೂರು ಚಿಲ್ಲರೆ."

ಗೋಪಿನಾಥರು ಎದ್ದರು. ಮೋಟರ್‌ಹೋಮಿಗೆ ಹೋಗಿ ಔಷಧಿಯ ಚೀಲ, ದಿಂಬು, ಉಪ್ಪಿಲ್ಲದ ಪಲ್ಯದ ಡಬ್ಬಿ, ಸಣ್ಣ ಕುಕ್ಕರು, ನೀರಿನ ಅಳತೆಯ ಲೋಟ ತಂದು ನಿಂಬೆಕಾಯಿಯ ಹಿಂದಿನ ಸೀಟಿಗೆ ತುಂಬಿದರು. ಮೋಟರ್‌ಹೋಮಿಗೆ ಬೀಗ ಹಾಕಿದರು. ಅನಸೂಯರನ್ನು ಪಕ್ಕದ ಸೀಟಿಗೆ ದಾಟಿಸಿ ಕಾಲಡಿಗೆ ದಿಂಬು ಕೊಟ್ಟರು.

"ಇದನ್ನ ಇಲ್ಲೇ ಬಿಟ್ಟು? ಎರಡು ವಾರ? ಎಳ್ಕೊಂಡ್ ಹೋಗ್ತಾರೆ ರೀ!"

"ಎಳ್ಕೊಂಡ್ ಹೋಗ್ಲಿ."

"ಏಳು ಮೀಟರು. ಎಳ್ದಿದ್ದಕ್ಕೆ ಎಷ್ಟ್ ಹಾಕ್ತಾರೋ."

ಗೋಪಿನಾಥರು ಕೀಲಿ ತಿರುಗಿಸಿದರು.

"ಅಲ್ಲಿ ಮಲಗೋದೆಲ್ಲಿ? ಒಲೆ ಎಲ್ಲಿ?"

"ಕೇಳ್ತೀನಿ ಕಣೇ. ಈ ಸಲ ಹೋಗಿ ಯಾರನ್ನಾದ್ರೂ ಕೇಳ್ತೀನಿ."

ನಿಂಬೆಕಾಯಿ ಆಟೋಬಾನಿಗೆ ಏರಿತು. ವೇಗ ಎಂಬತ್ತು ದಾಟುತ್ತಲೇ ಮೂತಿಯಲ್ಲಿ ತಟ್ಟೆ ಬಿಚ್ಚಿದ ಎರಡು ತೂತುಗಳಿಂದ ಗಾಳಿ ಸಿಳ್ಳೆ ಹಾಕತೊಡಗಿತು. ಅನಸೂಯ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಈ ದಿನಕ್ಕೆ ಇನ್ನೆರಡು ಗುಟುಕು ಉಳಿದಿತ್ತು. ಒಂದು ಕುಡಿದು, ಇನ್ನೊಂದನ್ನು ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಗೋಪಿನಾಥರು ರಸ್ತೆ ನೋಡುತ್ತಲೇ ಬಲಗೈ ಚಾಚಿ ಆ ಲೋಟ ಚೆಲ್ಲದಂತೆ ಹಿಡಿಯಬೇಕೆಂದುಕೊಂಡರು. ಆ ಕೈ ಗೇರಿನ ಮೇಲಿರಬೇಕೋ, ಲೋಟದ ಮೇಲೋ ಎಂದು ಒಂದು ಕ್ಷಣ ತಡವರಿಸಿದರು. ನಿಂಬೆಕಾಯಿಯನ್ನು ಅವರು ಇಷ್ಟು ವರ್ಷದಲ್ಲಿ ಓಡಿಸಿದ್ದು ಇದೇ ಮೊದಲು.