ನಾಲೆ ಏರಿಯ ಮೇಲಿನ ಗಾಳಿ

ಮದ್ದೂರು ಬಸ್ ಸ್ಟ್ಯಾಂಡಿನ ಹಿಂದುಗಡೆ ನನ್ನದೊಂದು ರಿಪೇರಿ ಅಂಗಡಿ ಇದೆ. ಮೊದಲು ರೇಡಿಯೋ, ಆಮೇಲೆ ಟಿವಿ, ಈಗ ಮಿಕ್ಸಿ, ಎಲ್ಇಡಿ ಬಲ್ಬು, ಪಂಪ್‌ಸೆಟ್ ಸ್ಟಾರ್ಟರು. ಏನು ತಂದುಕೊಟ್ಟರೂ ಬಿಚ್ಚಿ ನೋಡುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಮಿಕ್ಕಿದ್ದನ್ನೆಲ್ಲ ಕೆಟ್ಟುಹೋದ ಸಾಮಾನುಗಳೇ ಹೇಳಿಕೊಟ್ಟವು. ಜಕೀವುಲ್ಲಾನ ಅಂಗಡಿಯಲ್ಲಿ ರಿಪೇರಿಗಿಂತ ಮಾತೇ ಜಾಸ್ತಿ ನಡೆಯುತ್ತದೆ ಎಂದು ನನ್ನ ಹೆಂಡತಿ ಸಿದ್ದೀಕಾ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಸುಳ್ಳೇನಲ್ಲ.

ಚಿಕ್ಕಬೋರಯ್ಯ ಬೆಸಗರಹಳ್ಳಿ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು. ಅಲ್ಲೇ ಊರಾಚೆಯ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಾನೆ. ಕೊಪ್ಪರಿಗೆಯ ಪಾಕ ಹದಕ್ಕೆ ಬಂತೇ ಎಂದು ಬೇರೆಯವರು ನೀರಿಗೆ ತೊಟ್ಟು ಬಿಟ್ಟು, ಉಂಡೆ ಕಟ್ಟಿ ನೋಡುತ್ತಾರೆ. ಇವನು ಒಲೆಗೆ ಬೆನ್ನು ಹಾಕಿ ಕೂತು ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದವನು, ಮಾತು ಅರ್ಧಕ್ಕೆ ನಿಲ್ಲಿಸಿ, ಇಳಿಸ್ರೋ ಎನ್ನುತ್ತಿದ್ದ. ಇಳಿಸಿದರೆ ಸರಿಯಾಗಿ ಹದ. ಸುತ್ತಲಿನ ನಾಲ್ಕು ಆಲೆಮನೆಯವರಿಗೆ ಬೋರನ ಮೂಗು ಎಂದರೆ ಅಷ್ಟು ನಂಬಿಕೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವನ ದೊಡ್ಡ ಮಗಳು ಗಗನ ತೀರಿಕೊಂಡಳು. ಹನ್ನೊಂದು ವರ್ಷದ ಹುಡುಗಿ. ನನ್ನ ಅಂಗಡಿಗೆ ಬಂದರೆ ಹಾಳಾದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು ಕೊಡುವವರೆಗೆ ಏಳುತ್ತಿರಲಿಲ್ಲ.

ಅವರ ಮನೆ ಆಲೆಮನೆಯ ಗೋಡೆಗೆ ಅಂಟಿಕೊಂಡೇ ಇದೆ. ಗಾಣ ಆಡುವ ಕಾಲ. ಹುಡುಗಿ ಮೂರು ವಾರದಿಂದ ಬಾಯಾರಿಕೆ ಎನ್ನುತ್ತಿದ್ದಳಂತೆ, ಸೊರಗುತ್ತಿದ್ದಳಂತೆ. ತಾಯಿ ಮೋಹಿನಿ, ಮಗು ಒಣಗುತ್ತಿದೆಯಲ್ಲ ಎಂದು ಮರುಗಿ, ಅವಳು ಕೇಳಿದಾಗಲೆಲ್ಲ ಗಾಣಕ್ಕೇ ಲೋಟ ಹಿಡಿದು ಕಬ್ಬಿನ ಹಾಲು ಕೊಟ್ಟಿದ್ದಾಳೆ. ಒಂದು ಬೆಳಿಗ್ಗೆ ವಾಂತಿ, ಆಮೇಲೆ ಏದುಸಿರು. ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡನೇ ದಿನಕ್ಕೆ ಮುಗಿದುಹೋಯಿತು. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದೇ ಇವರಿಗೆ ಅಲ್ಲಿ ಗೊತ್ತಾದದ್ದು. ಡಾಕ್ಟರು ಒಂದು ಮಾತು ಕೇಳಿದರಂತೆ: ಬಾಯಿಂದ ಕಳಿತ ಹಣ್ಣಿನ ವಾಸನೆ ಬರ್ತಿರಲಿಲ್ಲವಾ, ಮನೆಯವರಿಗೆ ಮೊದಲು ಅದೇ ಗೊತ್ತಾಗೋದು ಎಂದು.

ಆಲೆಮನೆಯಲ್ಲಿ ಯಾರ ಬಾಯಿ ಸಿಹಿ ನಾರುವುದಿಲ್ಲ? ಬಟ್ಟೆ ನಾರುತ್ತದೆ, ಕೂದಲು ನಾರುತ್ತದೆ, ಸೊಳ್ಳೆಪರದೆ ಕೂಡ ನಾರುತ್ತದೆ. ಆದರೆ ಆ ಮಾತು ಮೋಹಿನಿಯ ಎದೆಯಲ್ಲಿ ಕೂತುಬಿಟ್ಟಿತು. ಹೆತ್ತವಳು ನಾನು, ನನಗೆ ಗೊತ್ತಾಗಬೇಕಿತ್ತು ಎಂದು ಬಂದವರ ಎದುರೆಲ್ಲ ಹೇಳಿದಳು. ಆಮೇಲೆ ಹೇಳುವುದನ್ನೂ ಬಿಟ್ಟಳು, ಸರಿಯಾಗಿ ಉಣ್ಣುವುದನ್ನೂ ಬಿಟ್ಟಳು.

ಈ ಸಲ ಗಾಣ ಶುರುವಾದ ವಾರ ಚಿಕ್ಕಬೋರಯ್ಯ ನನ್ನ ಅಂಗಡಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಮೂಸೋ ಮಿಷನ್ನು ಮಾಡ್ಕೊಡ್ಲಾ ಜಕೀ," ಎಂದ. "ಚಿಕ್ಕೋಳ್ದು, ದೀಪಿಕನ ಬಾಯಿ ಮೂಸಕ್ಕೆ. ನನ್ ಮೂಗ ಇನ್ನು ನಂಬಂಗಿಲ್ಲ."

ಮೆಡಿಕಲ್ ಸ್ಟೋರಿನಲ್ಲಿ ಸಕ್ಕರೆ ನೋಡುವ ಪಟ್ಟಿ ಸಿಗುತ್ತದೆ, ಒಂದು ತೊಟ್ಟು ರಕ್ತ ಸಾಕು, ಡಾಕ್ಟರು ನಂಬುವುದೂ ಅದನ್ನೇ ಎಂದು ಹೇಳಿದೆ.

"ಅದ್ನೂ ಮಾಡುಸ್ತಿವ್ನಿ. ಅದು ತಿಂಗ್ಳಿಗೊಂದ್ ಸಲ. ಉಸ್ರು ದಿನಾ ಆಡ್ತದೆ ಕಣ್ಲಾ."

ಬೆಂಗಳೂರಿನಿಂದ ಸೆನ್ಸರ್ ತರಿಸಿದೆ. ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡದು. ಒಳಗೆ ತವರದ ಆಕ್ಸೈಡಿನ ಲೇಪ, ಅದರ ಕೆಳಗೆ ಕೂದಲೆಳೆಯಂಥ ಒಂದು ಹೀಟರು. ಕಾದ ಲೇಪದ ಮೇಲೆ ಗಾಳಿಯ ಆಮ್ಲಜನಕ ಬಂದು ಕೂತು ಕರೆಂಟನ್ನು ಹರಿಯಗೊಡದೆ ಹಿಡಿದುಕೊಂಡಿರುತ್ತದೆ. ಸಕ್ಕರೆ ಕಾಯಿಲೆ ಮಿತಿಮೀರಿದಾಗ ಹಣ್ಣಿನ ವಾಸನೆ ಬರುವುದು ಅಸಿಟೋನಿನಿಂದ; ಅದು ಉಸಿರಿನಲ್ಲಿ ಒಂದಿಷ್ಟು ಬಂದರೂ ಕೂತಿದ್ದ ಆಮ್ಲಜನಕವನ್ನು ಎಬ್ಬಿಸಿಬಿಡುತ್ತದೆ, ಕರೆಂಟು ಸರಾಗವಾಗಿ ಹರಿಯುತ್ತದೆ, ನಾನು ಅದಕ್ಕೆ ಕಟ್ಟಿದ ಡಬ್ಬಿಯ ಮೇಲೆ ನಂಬರು ಏರುತ್ತದೆ. ಹತ್ತು ಲಕ್ಷ ಪಾಲಿನಲ್ಲಿ ನಾಲ್ಕೈದು ಪಾಲು ಇದ್ದರೂ ಸಾಕು. ಹೊಸ ಸೆನ್ಸರನ್ನು ಮಾತ್ರ ಎರಡು ದಿನ ಆರಿಸದೆ ಕಾಯಿಸಿಡಬೇಕು, ಅಲ್ಲಿಯವರೆಗೆ ಅದು ಹೇಳಿದ್ದನ್ನು ನಂಬುವ ಹಾಗಿಲ್ಲ.

ಪರೀಕ್ಷೆಗೆ ಉಗುರಿನ ಬಣ್ಣ ತೆಗೆಯುವ ನೀರು ಬೇಕಾಯಿತು, ಅದರಲ್ಲಿರುವುದೂ ಅಸಿಟೋನೇ. ಫ್ಯಾನ್ಸಿ ಸ್ಟೋರಿನಿಂದ ಸೀಸೆ ತಂದದ್ದನ್ನು ನೋಡಿ ಸಿದ್ದೀಕಾ, ತಲೆ ನರೆತ ಮೇಲೆ ಯಾರಿಗೆ ಈ ಶೋಕಿ ಎಂದು ಕೇಳಿದಳು. ಯಾರಿಗೆಂದು ಹೇಳಿದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ತಾನೇ ತೊಳೆದು, ಬಿಸಿಲಿಗೆ ಒಣಗಿಸಿ ತಂದಿಟ್ಟಳು. ನಾನು ಸೆನ್ಸರನ್ನು ಅದರೊಳಗೆ ಇಳಿಬಿಟ್ಟು, ಆ ಸೀಸೆಯದನ್ನು ಲೆಕ್ಕ ಹಾಕಿ, ತೆಳುವಾಗಿಸಿ ಬಿಡುವಾಗ, ತನ್ನ ಉಸಿರು ತಾಗೀತೆಂದು ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಬರೀ ಗಾಳಿಗೆ ನಲವತ್ತು ಇದ್ದದ್ದು ತೊಂಬತ್ತಕ್ಕೆ ಏರಿತು. ಸೆನ್ಸರನ್ನು ಹೊರಗೆ ತೆಗೆದರೆ ಮತ್ತೆ ನಲವತ್ತು.

ಒಂದು ಐಬನ್ನು ಚಿಕ್ಕಬೋರಯ್ಯನಿಗೆ ಮೊದಲೇ ಹೇಳಿದ್ದೆ. ಏನೋ ಬಂತು ಎಂಬುದಷ್ಟೇ ಈ ಡಬ್ಬಿಗೆ ಗೊತ್ತು, ಬಂದದ್ದು ಏನು ಎಂಬುದು ಗೊತ್ತಾಗುವುದಿಲ್ಲ ಎಂದು.

ಭಾನುವಾರ ಆಲೆಮನೆಗೆ ತೆಗೆದುಕೊಂಡು ಹೋದೆ. ಒಲೆಯಲ್ಲಿ ಕಬ್ಬಿನ ಸಿಪ್ಪೆ ಉರಿಯುತ್ತಿತ್ತು, ಕೊಪ್ಪರಿಗೆಯಿಂದ ಆವಿ ಏಳುತ್ತಿತ್ತು. ಡಬ್ಬಿ ಹೊರಗೆ ತೆಗೆದದ್ದೇ ತಡ, ನಂಬರು ಮುನ್ನೂರಾಯಿತು, ಆರುನೂರಾಯಿತು, ಒಂಬೈನೂರ ತೊಂಬತ್ತೊಂಬತ್ತಕ್ಕೆ ಹೋಗಿ ನಿಂತಿತು. ಅದಕ್ಕಿಂತ ಮೇಲಿನದನ್ನು ತೋರಿಸಲು ಅದರಲ್ಲಿ ಜಾಗವಿಲ್ಲ. ದೀಪಿಕ ಕೆನ್ನೆ ಉಬ್ಬಿಸಿಕೊಂಡು ಡಬ್ಬಿಯ ನಳಿಗೆಯಲ್ಲಿ ಊದಿದಳು. ನಂಬರು ಅಲುಗಲಿಲ್ಲ. ಇನ್ನೂ ಜೋರಾಗಿ ಊದಲಾ ಮಾವ ಎಂದು ಕೇಳಿದಳು. ಊದಿದಳು. ಅದೇ ನಂಬರು.

ನನಗೆ ನಾಚಿಕೆಯಾಯಿತು. ಹೊಗೆ, ಆವಿ ಎಂದು ಏನೋ ಹೇಳಲು ಬಾಯಿ ತೆಗೆದೆ. ಚಿಕ್ಕಬೋರಯ್ಯ ನನ್ನ ಭುಜದ ಮೇಲೆ ಕೈಯಿಟ್ಟು ಒತ್ತಿದ. ಅವನು ನೋಡುತ್ತಿದ್ದದ್ದು ಡಬ್ಬಿಯನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಮೋಹಿನಿಯನ್ನು.

"ನೋಡ್ದಾ ಅಮ್ಮಿ," ಎಂದ. "ಮಿಷನ್ನಿಗೇ ಗೊತ್ತಾಗ್ನಿಲ್ಲ. ನಿನ್ ಮೂಗಿಗೆ ಎಂಗ್ ಗೊತ್ತಾದಾತು? ಅಲ್ವೇನ್ಲಾ ಜಕೀ?"

ಹೌದು ಎಂದೆ. ಆ ಗಾಳಿಯಲ್ಲಿ ಅದು ಸುಳ್ಳೇನೂ ಆಗಿರಲಿಲ್ಲ.

ಮೋಹಿನಿ ಡಬ್ಬಿಯ ಹತ್ತಿರ ಬಂದು ಆ ಮೂರು ಒಂಬತ್ತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸಿಪ್ಪೆಯ ರಾಶಿಯ ಮೇಲೆ ಕೂತು, ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ವರ್ಷದಿಂದ ಅವಳು ಹಾಗೆ ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ. ಸ್ವಲ್ಪ ಹೊತ್ತಿಗೆ ಎದ್ದು, ಊಟ ಮಾಡಿಕೊಂಡೇ ಹೋಗಬೇಕು ಎಂದು ನನಗೆ ಹೇಳಿ, ಎಲ್ಲರಿಗೂ ಮುದ್ದೆ ಬಡಿಸಿ ತಾನೂ ಒಂದು ಮುದ್ದೆ ಉಂಡಳು.

ಹೊರಟಾಗ ಚಿಕ್ಕಬೋರಯ್ಯ ದೀಪಿಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲೆ ಏರಿಯವರೆಗೆ ಜೊತೆಗೆ ಬಂದ. ಅಲ್ಲಿ ಗದ್ದೆ ಬಯಲಿನ ಗಾಳಿ. ಡಬ್ಬಿಯ ಹೀಟರು ಇನ್ನೂ ಕಾಯುತ್ತಲೇ ಇತ್ತು. ನಂಬರು ತಾನಾಗಿ ಇಳಿಯಿತು, ಹತ್ತು ನಿಮಿಷದಲ್ಲಿ ನಲವತ್ತಕ್ಕೆ ಬಂದು ನಿಂತಿತು. ದೀಪಿಕ ಊದಿದಳು. ನಲವತ್ತೆರಡು. ಮಗು ಚೆನ್ನಾಗಿತ್ತು. ಸೆನ್ಸರಿಗೆ ಜೀವ ಇದೆಯೋ ಇಲ್ಲವೋ ನೋಡೋಣವೆಂದು, ತೆಳುಮಾಡಿ ತಂದಿದ್ದ ಸೀಸೆಯ ಮುಚ್ಚಳವನ್ನು ಮೊಳ ದೂರದಲ್ಲಿ ತೆಗೆದೆ. ನಂಬರು ತೊಂಬತ್ತೈದಕ್ಕೆ ಹಾರಿತು.

ನಾನು ತೆಗೆಯಬಾರದಿತ್ತು.

ಚಿಕ್ಕಬೋರಯ್ಯ ಮಗಳನ್ನು ಕೆಳಗಿಳಿಸಿ, ಕಲ್ಲು ಆರಿಸಿ ನೀರಿಗೆ ಎಸಿ ಹೋಗು ಎಂದು ಕಳಿಸಿದ. "ಇಲ್ಲಿ ಗೊತ್ತಾಯ್ತದೆ," ಎಂದ.

ಆಮೇಲೆ ಹೇಳಿದ. ಗಗನ ಆಸ್ಪತ್ರೆಗೆ ಸೇರುವ ಎಂಟು ದಿನ ಮುಂಚೆ ಮಳವಳ್ಳಿಯಲ್ಲಿ ಅವನ ತಂಗಿಯ ಮನೆ ಗೃಹಪ್ರವೇಶ. ಇವನೂ ಗಗನಾಳೂ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು, ಹುಡುಗಿ ಇವನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದಳು. ಗಾಳಿ ಬೀಸುತ್ತಿತ್ತು, ಆಲೆಮನೆ ಹಿಂದೆ ಉಳಿದಿತ್ತು. ಕಳಿತ ಬಾಳೆಹಣ್ಣಿನ ವಾಸನೆ ಬಂತಂತೆ. ಮುಂದಿನ ಸೀಟಿನಲ್ಲಿ ಒಬ್ಬ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅದರದೇ ಎಂದುಕೊಂಡನಂತೆ.

"ಮುದ್ಕಿ ಇಳಿವಾಗ ಬುಟ್ಟಿ ನೋಡ್ದೆ ಕಣ್ಲಾ. ಬರೀ ಸೊಪ್ಪಿತ್ತು." ಕಾಲ ಕೆಳಗಿನ ಹುಲ್ಲನ್ನು ಕಿತ್ತು ಕೈಯಲ್ಲಿ ಹೊಸೆದ. "ನನ್ ಮೂಗು ಯೋಳ್ತು. ನಾನೇ ಕೇಳ್ನಿಲ್ಲ."

ನಾನು ಬಾಯಿಬಡುಕ, ಗೊತ್ತಲ್ಲ. ಮೋಹಿನಿಗೆ ಇದು ಗೊತ್ತಾಗಕೂಡದು, ಅವಳಿಗೆ ಆಲೆಮನೆಯದಷ್ಟೇ ಸಾಕು ಎಂದು ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟೆ.

ಆಮೇಲೆ ದಿನಾ ಬೆಳಿಗ್ಗೆ, ಕೊಪ್ಪರಿಗೆ ಒಲೆಗೇರುವ ಮೊದಲು, ಅವನು ದೀಪಿಕಳನ್ನು ಕರೆದುಕೊಂಡು ನಾಲೆ ಏರಿಗೆ ಹೋಗುತ್ತಿದ್ದ. ಊದಿಸಿ, ನಂಬರು ನೋಡಿ ನನಗೆ ಫೋನು ಮಾಡುತ್ತಿದ್ದ. ನಲವತ್ತೊಂದು. ನಲವತ್ತಮೂರು. ಇಬ್ಬನಿ ಬಿದ್ದ ದಿನ ನಲವತ್ತೇಳು ಬಂತೆಂದು ಎರಡೆರಡು ಸಲ ಫೋನು ಮಾಡಿದ. ತೇವಕ್ಕೂ ಅದು ಏರುತ್ತದೆ, ಪಟ್ಟಿಯಲ್ಲಿ ನೋಡು ಎಂದೆ. ನೋಡಿದ, ಏನೂ ಇರಲಿಲ್ಲ.

ಈ ಸಂಕ್ರಾಂತಿಗೆ ನಾಲ್ಕು ದಿನವಿದ್ದಾಗ ಮೋಹಿನಿ ಒಬ್ಬಳೇ ಅಂಗಡಿಗೆ ಬಂದಳು. ಕೈಚೀಲದಲ್ಲಿ ಮಿಕ್ಸಿ. ಓಡ್ತಿಲ್ಲ ಎಂದಳು. ಸ್ಟೂಲು ಕೊಟ್ಟೆ, ಮಿಕ್ಸಿಯ ತಳ ಬಿಚ್ಚಿದೆ. ಚೀಲದೊಳಗಿಂದ ಎಳ್ಳು ಬೆಲ್ಲದ ಪೊಟ್ಟಣ ತೆಗೆದು, ಸಿದ್ದೀಕಕ್ಕಂಗೆ ಎಂದು ಮೇಜಿನ ಮೇಲಿಟ್ಟಳು. ಮುಖ ಸ್ವಲ್ಪ ತುಂಬಿಕೊಂಡಿತ್ತು.

"ಅಣ್ಣ, ನಾಲೆ ತಾವ್ಕೇ ಯಾಕ್ ಓಯ್ತಾರೆ ಊದ್ಸಕ್ಕೆ?"

ಹೊಗೆ, ಆವಿ ಅದಕ್ಕೆ ಆಗುವುದಿಲ್ಲ ಕಣಮ್ಮ ಎಂದೆ, ಸ್ಕ್ರೂ ನೋಡುತ್ತಲೇ.

"ಅಂಗಾದ್ರೆ ಅಲ್ಲಿ ಗೊತ್ತಾಯ್ತದೆ."

ಅವಳು ಕೇಳಿದ್ದಲ್ಲ, ಹೇಳಿದ್ದು. ನಾನು ತಲೆ ಎತ್ತಲಿಲ್ಲ. ಹೊರಗೆ ಮಳವಳ್ಳಿ ಬಸ್ಸಿನ ಕಂಡಕ್ಟರು ಜನರನ್ನು ಕೂಗಿ ಕರೆಯುತ್ತಿದ್ದ.

"ಬಟ್ಟೆ ಒಗೆಯಕ್ಕೆ ನಾಲೆಗೆ ಓದಾಗೆಲ್ಲ ಗಗನನ್ನ ಕರ್ಕೊಂಡೋಯ್ತಿದ್ದೆ," ಎಂದಳು. "ಏರಿ ಮೇಲೆ ಕೂರುಸ್ಕೊಂಡು ತಲೆ ಬಾಚ್ತಿದ್ದೆ. ಈ ಕಡೆ ತಿರುಗ್ಸಿ ಬೈತಲೆ ತೆಗೀವಾಗ, ಅವಳ ಉಸ್ರು ನನ್ ಮುಖಕ್ಕೇ ಬಡೀತಿತ್ತು. ಅಣ್ಣ, ಒಂದಿನ ಆ ಹಣ್ಣಿನ ವಾಸ್ನೆ ಬಂದಿತ್ತು. ಹಣ್ಣು ಕದ್ದು ತಿಂದಿದೀಯ ಅಂತ ಕೆನ್ನೆಗೆ ಒಂದು ಕೊಟ್ಟೆ."

ನಾನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟೆ.

"ಅವ್ರಿಗೆ ಯೋಳ್ಬ್ಯಾಡಿ," ಎಂದಳು. "ಮಿಷನ್ನಿಗೇ ಗೊತ್ತಾಗ್ನಿಲ್ಲ ಅಂತ ಈಗೀಗ ಒಸಿ ನಿದ್ದೆ ಮಾಡ್ತವ್ರೆ. ಅಷ್ಟಾದ್ರೂ ಇರ್ಲಿ."

ಹೇಳುವುದಿಲ್ಲ ಎಂದೆ. ಅದು ನಾನು ಕೊಟ್ಟ ಎರಡನೇ ಮಾತು. ಮಿಕ್ಸಿಯ ಒಳಗೆ ವೈರು, ಬುಶ್ಶು, ಸ್ವಿಚ್ಚು ಎಲ್ಲವನ್ನೂ ನೋಡಿದೆ. ಏನೂ ಕೆಟ್ಟಿರಲಿಲ್ಲ. ತಳ ಮುಚ್ಚಿ, ನಾಲ್ಕು ಸ್ಕ್ರೂಗಳನ್ನೂ ಒಂದೊಂದಾಗಿ ಬಿಗಿ ಮಾಡಿ, ಸರಿಹೋಯ್ತಮ್ಮ ಎಂದು ಅವಳ ಕೈಗೆ ಕೊಟ್ಟೆ.